ಶೇಟರ ಕಾರಂಜಿಯ ನೀರು

...ಅಲ್ಲ ತಂಗಿ, ನಾ ಅಲ್ಲಿ ಇರ್ಲಿಲ್ಲ ಹೇಳಿ ಎಲ್ಲಿ ಹೇಳ್ದೆ? ಇದ್ದೆ. ಕಾರಂಜಿ ಬುಡದಲ್ಲೇ ಇದ್ದೆ. ಆ ದಿನ ವಾಲ್ವು ತಿರುಗಿಸಿದ್ದೇ ನಾನು, ಅದು ಇಡೀ ಅಂಕೋಲೆಗೆ ಗೊತ್ತು. ನೀನು ಮೊದ್ಲು ಕೂತ್ಕೋ, ಲಲಿತಾ. ಗೇಟಿನ ಹತ್ರ ನಿಂತು "ಅವ್ವಿ ಸುದ್ದಿ ಕೇಳೂಕೆ ಬಂದೆ ನಾಯ್ಕರೇ" ಅಂದೆ, ಅಷ್ಟೇ. ಆಮೇಲೆ ಬಾಯೇ ಬಿಡ್ಲಿಲ್ಲ. ಎದುರಿಗೆ ಒಬ್ರು ನಿಂತೇ ಇದ್ರೆ ನಂಗೆ ಮಾತು ಹೊರಡೂದಿಲ್ಲ. ಹಾಂ, ಆ ಕಟ್ಟೆ ಮೇಲೆ ಕೂತ್ಕೋ. ನನ್ನ ಹೆಂಡ್ತಿ ಕಲಾವತಿ ಸೊಸೈಟಿಗೆ ಹೋಗಿದ್ದಾಳೆ, ರೇಶನ್ ತರೂಕೆ. ಅವಳಿದ್ದಿದ್ರೆ ಚಾ ಮಾಡ್ತಿದ್ಲು. ನೀರಾದ್ರೂ ತರ್ಲಾ... ಬ್ಯಾಡ. ಬ್ಯಾಡ, ಗೊತ್ತಾಯ್ತು. ನಾನದನ್ನ ಕೇಳ್ಬಾರ್ದಾಗಿತ್ತು.

ಅಂಕೋಲೆಯಿಂದ ಈ ಹಟ್ಟಿಕೇರಿ ತನಕ ಬಸ್ಸಲ್ಲಿ ಬಂದ್ಯಾ, ನಡ್ದೇ ಬಂದ್ಯಾ? ಕಾಲೆಲ್ಲ ಕೆಸರು. ನಡ್ದೇ ಬಂದಿರ್ಬೇಕು. ನಿನ್ನ ಅಪ್ಪ ಬೀರ ಹೆಂಗಿದ್ದಾನೆ? ಕಣ್ಣಿನ ಹಳದಿ ಇಳೀತಾ? ಗಂಜಿ ಇಳೀತದಾ? ...ಸರಿ. ಹೇಳೂದಿಲ್ಲ ಅಂದ್ರೆ ಬಿಡು.

ನಿನ್ನ ಅವ್ವಿ ಹೊನ್ನಮ್ಮ ಹೋಗಿ ಇವತ್ತಿಗೆ ಹದಿನಾರು ದಿನ. ನಾನೂ ಎಣಿಸ್ತಾ ಇದ್ದೆ ತಂಗಿ. ನೀವು ನಿಮ್ಮ ಕೊಪ್ಪದ ಮನೇಲಿ ಎಣಿಸಿದ ಹಂಗೇ ನಾ ಇಲ್ಲಿ ಎಣಿಸ್ದೆ. ಎಂತಕ್ಕೆ ಹಂಗೆ ನೋಡ್ತಿ? ನಾನೆಂತ ಹೊರಗಿನವನಾ? ಇಪ್ಪತ್ತೈದು ವರ್ಷ ದಿನಾ ಬೆಳಿಗ್ಗೆ ನೋಡಿದ ಮುಖ ಅದು. ಪೇಟೆಗೆ ನೀರು ಬಿಡೂಕೆ ನಾನು ಸೈಕಲ್ ತುಳೀತಾ ಬರೂದಕ್ಕೂ, ಅವಳು ತಲೆ ಮೇಲಿನ ಬುಟ್ಟಿ ಕಾರಂಜಿ ಮೆಟ್ಟಿಲ ಮೇಲೆ ಇಳಿಸೂದಕ್ಕೂ ಸರೀ ಆಗ್ತಿತ್ತು. ಬಸಳೆ, ಹರಿವೆ, ಮೊಗೇಕಾಯಿ, ಮೇ ತಿಂಗಳು ಬಂದ್ರೆ ಈಶಾಡು ಮಾವು. ಕುತ್ತಿಗೆ ತುಂಬ ಮಣಿಸರ. ಬೇರೆಯವರೆಲ್ಲ ಮಾರ್ಕೆಟ್ಟಿನ ಶೆಡ್ಡಿಗೆ ಹೋದ್ರೂ ಅವಳು ಆ ಕಲ್ಲು ಬಿಡ್ಲಿಲ್ಲ. ಬೆನ್ನು ಒರಗಿಸೂಕೆ ತಂಪು ಹೇಳ್ತಿದ್ಲು.

ನೀನು ಕೈಗೂಸು, ಆಗ. ಅವಳ ಸೊಂಟದ ಮೇಲೆ ಇರ್ತಿದ್ದೆ. ನಾನು ಶೇಟರ ಕಾರಂಜಿಯ ನೀರು ಕಟ್ಟಿ ನಿಲ್ಲಿಸಿದ ವರ್ಷ ಅದು.

ಅದನ್ನ ಕಟ್ಟೂಕೆ ನಂಗೇನು ಹುಚ್ಚಾ? ಮೇಲಿನವರು ಕಟ್ಟು ಅಂದ್ರು, ಕಟ್ದೆ. ಮನೆ ಮನೆಗೆ ನಲ್ಲಿ ಬಂದಿತ್ತು. ನಾನು ಕದ್ರಾದಲ್ಲಿ ಡ್ಯಾಮಿನ ಕೆಲಸಕ್ಕೆ ಎರಡು ವರ್ಷ ಇದ್ದು, ಅಲ್ಲಿ ವಾಲ್ವು, ಪೈಪು ಎಲ್ಲ ಕಲ್ತು, ಆಮೇಲೆ ಅಂಕೋಲೆಲಿ ನೀರು ಬಿಡೂ ಕೆಲಸಕ್ಕೆ ಸೇರಿದ ಹೊಸತು. ಸ್ಪ್ಯಾನರ್ ಹಿಡ್ಕೊಂಡು ಹೋಗಿ ತಿರುಗಿಸ್ದೆ. ಕಾರಂಜಿಯ ನಾಲ್ಕು ಬಾಯಲ್ಲೂ ನೀರು ಸಣ್ಣಗಾಗ್ತಾ, ಸಣ್ಣಗಾಗ್ತಾ ನಿಂತೇ ಹೋಯ್ತು. ನಿನ್ನ ಅವ್ವಿ ಎದ್ದು ನಿಂತು ಬೈದದ್ದು ಬೈದದ್ದೇ. ಮುಂದೆ ಎಂಟು ದಿನ ನನ್ನ ಮುಖ ನೋಡ್ಲಿಲ್ಲ. ಒಂಬತ್ತನೇ ದಿನ ಒಂದು ಮಾವಿನಹಣ್ಣು ಎಸ್ದು, "ಹಿಡ್ಕಣಿ ನಾಯ್ಕರೇ" ಅಂದ್ಲು. ಹಂಗಿದ್ಲು ಅವಳು.

ನಿಂಗೆ ಆ ಕಾರಂಜಿ ಕಥೆ ಗೊತ್ತಾ? ನಿನ್ನ ಪ್ರಾಯದವರಿಗೆ ಅದು ಪೋಸ್ಟರ್ ಅಂಟಿಸೂ ಕಲ್ಲು, ಅಷ್ಟೇ. ನಂಗೂ ಗೊತ್ತಿರ್ಲಿಲ್ಲ. ಎಲ್ಲ ಸಂಧ್ಯಾ ಟೀಚರು ಹಳೇ ಕಾಗದ ಹುಡುಕಿ ಓದಿ ಹೇಳಿದ್ದು. ನೂರು ವರ್ಷದ ಮೇಲಾಯ್ತು. ಹರಿಶ್ಚಂದ್ರ ಶೇಟರು ಅಂದ್ರೆ ಉಪ್ಪಿನ ವ್ಯಾಪಾರಿ. ಅವ್ರಿಗೆ ಒಬ್ಳೇ ಮಗಳು, ಕಾಶಿ, ಒಂಬತ್ತು ವರ್ಷದ್ದು. ಪೇಟೆಯ ಬಾವಿ ನೀರು ಕೆಟ್ಟು ವಾಂತಿಭೇದಿ ಬಂದಾಗ ಒಂದೇ ಓಣಿಲಿ ಹನ್ನೆರಡು ಹೆಣ ಬಿತ್ತಂತೆ, ಅದ್ರಲ್ಲಿ ಈ ಮಗುವೂ ಒಂದು. ಶೇಟರು ವರ್ಷ ತುಂಬೂದರೊಳಗೆ ಗುಡ್ಡದ ಬುಡದ ಬಾವಿಯಿಂದ ಬೀಡುಕಬ್ಬಿಣದ ಪೈಪು ಹಾಕಿಸಿ, ಪೇಟೆ ನಡುವೆ ಈ ಕಾರಂಜಿ ಕಟ್ಟಿಸಿ ಊರಿಗೆ ಕೊಟ್ರು. ನಮ್ಮ ಕಡೆ ಎಲ್ಲ ಚಿರೇಕಲ್ಲು. ಚಿರೇಕಲ್ಲು ನೀರು ಕುಡೀತದೆ, ಸವೀತದೆ. ಅದು ಬ್ಯಾಡ ಹೇಳಿ ಸುಂಕಸಾಳದ ಕಡೆಯಿಂದ ಶಿಲೆಕಲ್ಲು ಒಡೆಸಿ ಎತ್ತಿನಗಾಡಿ ಮೇಲೆ ತರ್ಸಿದ್ರಂತೆ. ಈಗ ಗ್ರಾನೈಟ್ ಹೇಳ್ತಾರಲ್ಲ, ಅದೇ. ಮೇಲೆ ಮನುಷ್ಯರಿಗೆ ನಾಲ್ಕು ಬಾಯಿ, ಸೊಂಟದ ಎತ್ತರಕ್ಕೆ ಎತ್ತಿಗೆ ತೊಟ್ಟಿ, ಕೆಳಗೆ ನಾಯಿಗೂ ಒಂದು ಸಣ್ಣ ಮರಿಗೆ. ಬುಡದಲ್ಲಿ ಕೆತ್ತಿಸಿದ್ದಾರೆ: ಕಾಶಿಯ ನೆನಪಿಗೆ, ಊರ ಬಾಯಾರಿಕೆಗೆ.

ಅದನ್ನ ಓದ್ದಾಗ ಟೀಚರ ಕಣ್ಣಲ್ಲಿ ನೀರು ಬಂದಿತ್ತು. ನನ್ನ ಕಣ್ಣಲ್ಲೂ ಬಂತು. ಸುಳ್ಳಲ್ಲ.

ಅವ್ರು ಈ ಮನೆಗೇ ಬಂದಿದ್ರು, ಹೋದ ವರ್ಷ ಚೌತಿ ಆದ ಮೇಲೆ. ನೀನು ಕೂತಲ್ಲೇ ಕೂತಿದ್ರು. ಕಾರಂಜಿಗೆ ಮತ್ತೆ ನೀರು ತರೂಕೆ ಒಂದು ಸಮಿತಿ ಮಾಡಿದ್ದೇವೆ, ಆದ್ರೆ ಹಳೇ ಪೈಪು ಎಲ್ಲಿ ಹೋಗ್ತದೆ, ಬಾವಿ ಎಲ್ಲಿದೆ ಅಂತ ಆಫೀಸಿನ ಒಂದು ನಕ್ಷೆಲೂ ಇಲ್ಲ ಅಂದ್ರು. "ಜಟ್ಟಪ್ಪ, ಇದು ನಿನ್ನ ಹೊರತು ಆಗೂದಲ್ಲ." ತಂಗಿ, ನಾ ರಿಟೈರಾಗಿ ಐದು ವರ್ಷ ಆಗಿತ್ತು. ಆ ಐದು ವರ್ಷದಲ್ಲಿ ನನ್ನ ಹೆಸ್ರು ಹಿಡ್ದು ಒಬ್ರೂ ಒಂದು ಕೆಲಸಕ್ಕೆ ಕರೆದದ್ದಿಲ್ಲ. ಮೊದ್ಲಾದ್ರೆ ಮದುವೆ ಮನೆಯವರು, ಹೋಟ್ಲಿನವರು, ಆಸ್ಪತ್ರೆಯವರು, ಎಲ್ರಿಗೂ ಜಟ್ಟಪ್ಪ ಬೇಕು. ಒಂದು ತಾಸು ಹೆಚ್ಚು ನೀರು ಬಿಡು ಹೇಳಿ ಬಾಗಿಲಿಗೆ ಬರ್ತಿದ್ರು. ಆಮೇಲೆ ಎದುರಿಗೆ ಸಿಕ್ಕಿದ್ರೂ ಮಾತಾಡ್ಸೂದಿಲ್ಲ. ಹಂಗಿರುವಾಗ ಟೀಚರು ಬಂದು ಹಂಗಂದ್ರೆ... ನೀನೇ ಹೇಳು.

ಹುಡುಕಿ ಕೊಟ್ಟೆ. ಹಾರೆ ಹಿಡ್ಕೊಂಡು ನಾನೇ ಅಗೆದೆ. ಎಲ್ಲಿ ಪೈಪು ತಿರುಗ್ತದೆ, ಎಲ್ಲಿ ಜಾಯಿಂಟು, ಎಲ್ಲ ತಲೇಲಿ ಇತ್ತು. ಬಾವಿ ಮೇಲೆ ಕೇದಗೆ ಹಿಂಡು ಬೆಳೆದು ಮುಚ್ಚಿ ಹೋಗಿತ್ತು. ಕಡಿಸಿ ನೋಡಿದ್ರೆ ನೀರು ಹಂಗೇ ಇದೆ, ಕಪ್ಪಗೆ, ಅಲ್ಲಾಡದೆ.

ಬಾವಿ ಮೇಲ್ಗಡೆ ಈಗ ಬಾಡಿಗೆ ಕೋಣೆಗಳು ಎದ್ದಿದ್ದಾವೆ. ಒಂದು ಸಾಲು, ಹದಿನಾಲ್ಕು ಕೋಣೆ. ಹಿಂದುಗಡೆ ಪಾಯಖಾನೆ ಗುಂಡಿ. ನೋಡ್ಲಿಲ್ಲ ಹೇಳಿ ಅಲ್ಲ, ನೋಡ್ದೆ. ಆದ್ರೆ ಅದು ದೂರ ಇತ್ತು ತಂಗಿ... ಅಷ್ಟೇನೂ ದೂರ ಅಲ್ಲ, ಆಯ್ತು. ಬಾವಿ ತೊಳೆಸಿದ್ದೇವೆ. ಪಂಪು ಹಚ್ಚಿ ಮೂರು ದಿನ ನೀರು ಹೊರಗೆ ಹಾಕಿದ್ದೇವೆ. ಬ್ಲೀಚಿಂಗ್ ಪುಡಿ ಹಾಕಿದ್ದೇವೆ.

ಮಾರ್ಚ್ ಕೊನೆಗೆ ಮೊದ್ಲ ಸಲ ಬಿಟ್ಟು ನೋಡಿದ್ದು. ಅವತ್ತು ನಾನು, ಟೀಚರು, ನಿನ್ನ ಅವ್ವಿ, ಮೂರೇ ಜನ. ಒಂದು ತಾಸು ಬರೀ ಗಾಳಿ ಬಂತು, ಪೈಪಿನ ಒಳಗೆ ಯಾರೋ ಕೆಮ್ಮಿದ ಹಂಗೆ ಶಬ್ದ. ಆಮೇಲೆ ಕೆಂಪು ನೀರು, ತುಕ್ಕಿಂದು. ಆಮೇಲೆ ಕಪ್ಪು. ಆಮೇಲೆ ತಿಳಿಯಾಯ್ತು. ಎಷ್ಟು ತಿಳಿ ಅಂದ್ರೆ ತೊಟ್ಟಿ ತಳದ ಉಳಿ ಗುರುತು ಕಾಣ್ತಿತ್ತು. ಆ ಹೊತ್ತಿಗೆ ಒಂದು ದನ ಬಂತು. ಉರಿ ಬಿಸಿಲು, ನಾಲಗೆ ಹೊರಗೆ ಹಾಕ್ಕೊಂಡು ಬಂದದ್ದು. ತೊಟ್ಟಿಗೆ ಮೂತಿ ತಾಗಿಸ್ತು, ಮೂಸ್ತು, ತಲೆ ಎತ್ತಿ ನಿಂತ್ಕೊಂಡಿತು. ಆಮೇಲೆ ತಿರುಗಿ ರಸ್ತೆ ಆಚೆ ಗಟಾರದ ನೀರಿಗೆ ಹೋಗಿ ಬಾಯಿ ಹಾಕ್ತು.

ಟೀಚರು ನಕ್ರು, ಪುಡಿ ವಾಸನೆಗೆ ಅಂದ್ರು. ನಾನೂ ಹೌದು ಹೌದು ಅಂದೆ. ಹೊನ್ನಮ್ಮ ಮಾತ್ರ ಆ ದನ ಹೋದ ದಿಕ್ಕಿಗೇ ನೋಡ್ತಾ ಕೂತಿದ್ಲು.

ಪರೀಕ್ಷೆ ಮಾಡ್ಸಿದ್ದೇವೆ, ಅದನ್ನೂ ಹೇಳ್ಬಿಡ್ತೆ. ಟೀಚರೇ ಹೇಳಿದ್ರು, ಹಂಗೇ ಕುಡಿಸೂಕೆ ಆಗೂದಿಲ್ಲ, ಕಾರವಾರದ ಲ್ಯಾಬಿಗೆ ಕೊಟ್ಟು ಬಾ ಹೇಳಿ. ನಾನೇ ಬಾಟ್ಲಿ ತುಂಬಿಸ್ಕೊಂಡು ಬಸ್ಸು ಹತ್ತಿ ಕೊಟ್ಟು ಬಂದೆ. ರಿಪೋರ್ಟು ಬರೂಕೆ ದಿನ ಹಿಡೀತದೆ. ಸಮಾರಂಭದ ದಿನ ಹತ್ರ ಬಂದಿತ್ತು. ಶೇಟರ ಮರಿಮಕ್ಕಳು ಮುಂಬೈಯಿಂದ ಹೊರಟಾಗಿತ್ತು, ಆಮಂತ್ರಣದ ಕಾಗದ ಅಚ್ಚಾಗಿ ಹಂಚಿ ಆಗಿತ್ತು. ಅದ್ರಲ್ಲಿ ನನ್ನ ಹೆಸ್ರೂ ಇತ್ತು. ಸನ್ಮಾನ: ಶ್ರೀ ಜಟ್ಟಪ್ಪ ನಾಯ್ಕ. ರಿಪೋರ್ಟು ಬರ್ಲಿಲ್ಲ ಹೇಳಿ ಅದನ್ನೆಲ್ಲ ನಿಲ್ಲಿಸೂಕೆ ಆಗ್ತದಾ?

ಆಯ್ತು. ಸಮಾರಂಭ ಆಯ್ತು. ಏಪ್ರಿಲ್ ಎರಡನೇ ಭಾನುವಾರ, ಬೆಳಿಗ್ಗೆ. ಭಾಷಣ ಆಯ್ತು, ಶಾಲು ಹಾಕಿದ್ರು, ನಾನು ವಾಲ್ವು ತಿರುಗಿಸ್ದೆ, ನಾಲ್ಕೂ ಬಾಯಲ್ಲಿ ನೀರು ಬಂತು, ಜನ ಚಪ್ಪಾಳೆ ಹೊಡೆದ್ರು, ಕುಡಿದ್ರು, ಮುಗೀತು. ಇಷ್ಟೇ.

...ಇಷ್ಟೇ ತಂಗಿ. ಇನ್ನೆಂತ ಬೇಕು ನಿಂಗೆ?

ಆಮೇಲಿನದು ನಿಂಗೇ ಗೊತ್ತು. ಒಂದು ತಿಂಗಳು ಏನೂ ಇಲ್ಲ. ಆಟೋದವರು, ಬಸ್ಸಿಗೆ ಕಾಯೂವವರು, ಮೀನು ಮಾರೂ ಹೆಂಗಸ್ರು, ಎಲ್ರೂ ಅದೇ ನೀರು. ಹೊನ್ನಮ್ಮ ಮನೆಗೂ ಒಂದು ಕೊಡ ಹೊತ್ಕೊಂಡು ಹೋಗ್ತಿದ್ಲು, ಬೀರನಿಗೆ ರುಚಿ ಆಗ್ತದೆ ಹೇಳಿ. ನಾನು ದಿನಾ ಸಂಜೆ ಹೋಗಿ ಪುಡಿ ಹಾಕ್ತಿದ್ದೆ. ಏನೂ ಆಗ್ಲಿಲ್ಲ, ನೋಡು, ಏನೂ ಆಗ್ಲಿಲ್ಲ ಅಂತ ನನಗೆ ನಾನೇ ಹೇಳ್ಕೊಳ್ತಿದ್ದೆ. ಮೇ ಹದಿನೈದರ ಹೊತ್ತಿಗೆ ಮೊದ್ಲು ಆಟೋ ಸ್ಟ್ಯಾಂಡಿನ ಇಬ್ರು ಮಲಗಿದ್ರು. ಕಾಮಾಲೆ ಅಂದ್ರು. ಬಿಸಿಲಿಗೆ ಅಂದ್ರು. ನಿನ್ನ ಅವ್ವಿ ನೆಲನೆಲ್ಲಿ ಅರೆದು ಅವ್ರಿಗೆ ಮದ್ದು ಕೊಟ್ಳು. ಆಮೇಲೆ ಹೂವಿನಂಗಡಿಯವನು, ಅವನ ಹೆಂಡ್ತಿ. ಆಮೇಲೆ ಆರು ಜನ. ಅಷ್ಟರಲ್ಲಿ ಮಳೆ ಹಿಡೀತು. ಇಪ್ಪತ್ತಮೂರು ಜನ ಆದ್ರು. ನೆಲನೆಲ್ಲಿ ಅರೀತಾ ಅರೀತಾ ಒಂದು ದಿನ ಅವಳಿಗೇ ಕೈ ಸೋತು ಬಂತು.

ಉಳಿದವರೆಲ್ಲ ಎದ್ರು, ಬೀರನೂ ಇವತ್ತು ನಾಳೆ ಏಳ್ತಾನೆ. ಅವಳೊಬ್ಳು ಏಳ್ಲಿಲ್ಲ.

ನಾನು ಕಾರವಾರದ ಆಸ್ಪತ್ರೆಗೆ ಹೋಗಿದ್ದೆ, ನಿಂಗೊತ್ತು. ನೀನು ಔಷಧಿ ತರೂಕೆ ಕೆಳಗೆ ಹೋಗಿದ್ದೆ. ಮಣಿಸರ ಎಲ್ಲ ತೆಗೆದಿಟ್ಟಿದ್ರು. ಬರೀ ಕುತ್ತಿಗೆ ನೋಡಿ ನಂಗೆ ಗುರುತೇ ಸಿಗ್ಲಿಲ್ಲ. ಹತ್ತು ನಿಮಿಷ ಕೂತಿದ್ದೆ. ಒಳ್ಳೇ ಮಾತಾಡಿದ್ಲು ಪಾಪ. ಈ ಸಲ ಈಶಾಡು ಸಮಾ ಬರ್ಲಿಲ್ಲ ಅಂದ್ಲು. ಮೆಟ್ಟಿಲ ಮೇಲಿನ ಜಾಗ ಬೇರೆಯವರು ಹಿಡೀದ ಹಂಗೆ ನೋಡ್ಕಣಿ ಅಂದ್ಲು. ಆಮೇಲೆ ಹಂಗೇ ಕಣ್ಣು ಮುಚ್ಚಿದ್ಲು. ನಾ ಎದ್ದು ಬಂದೆ.

...ಯಾಕೆ ತಲೆ ಅಲ್ಲಾಡಿಸ್ತಿ? ನೀನು ಅಲ್ಲಿ ಇರ್ಲಿಲ್ಲ ಅಲ್ದಾ? ಔಷಧಿ ಚೀಟಿ ಹಿಡ್ಕೊಂಡು ಮೆಟ್ಟಿಲು ಇಳಿದು ಹೋದದ್ದು ನಾ ಕಂಡೆ. ಲಿಫ್ಟಿನ ಹತ್ರ... ಲಲಿತಾ? ನೀನು ತಿರುಗಿ ಬಂದಿದ್ಯಾ? ಎಷ್ಟೊತ್ತಿಗೆ? ಮಂಚದ ಪಕ್ಕ ಹಸಿರು ಪರದೆ ಇತ್ತು... ಪರದೆ ಆಚೆ ನಿಂತಿದ್ಯಾ?

ಹೂಂ.

ಹಂಗಾದ್ರೆ ನಿಂಗೆ ಗೊತ್ತೇ ಇದೆ. ಗೊತ್ತಿದ್ದೂ ಇಷ್ಟೊತ್ತು ನನ್ನ ಬಾಯಿಂದ ಈಶಾಡು ಮಾವಿನ ಸುದ್ದಿ ಕೇಳ್ತಾ ಕೂತ್ಕೊಂಡೆ.

ಹೌದು, ಅವಳು ಮಾವಿನ ಮಾತಾಡ್ಲಿಲ್ಲ. ಜಾಗದ ಮಾತೂ ಆಡ್ಲಿಲ್ಲ. ನಾ ಹೋಗಿ ಕೂತ್ಕೊಂಡೆ. ಅವಳು ಬಹಳ ಹೊತ್ತು ನನ್ನೇ ನೋಡಿದ್ಲು, ಈಗ ನೀ ನೋಡ್ತಿದ್ಯಲ್ಲ, ಹಂಗೇ. ಆಮೇಲೆ ಕೇಳಿದ್ಲು. "ನಾಯ್ಕರೇ, ಅವತ್ತು ನಿಮ್ಮ ಮೊಮ್ಮಗಳ ಕೈಯಿಂದ ಲೋಟ ಎಂತಕ್ಕೆ ಕಸ್ಕಂಡ್ರಿ?"

ನಾನು ಎಂತ ಹೇಳ್ದೆ, ಅದನ್ನೂ ನೀನು ಕೇಳಿರ್ಬೇಕು. ಮಗುವಿಗೆ ಬಿಸಿಲಲ್ಲಿ ತಣ್ಣೀರು ಆಗೂದಿಲ್ಲ, ಗಂಟಲು ಕಟ್ತದೆ, ಅದಕ್ಕೆ ಅಂದೆ. ಸಾಯೂ ಹೆಂಗಸಿನ ಮುಖ ನೋಡಿ ಅಂದೆ. ಅವಳು ಮುಖ ಗೋಡೆ ಕಡೆ ತಿರುಗಿಸ್ಕೊಂಡ್ಲು. ನಾ ಎದ್ದು ಬಂದೆ.

ನೀನು ಆ ಸಮಾರಂಭಕ್ಕೆ ಬಂದಿರ್ಲಿಲ್ಲ. ಕೇಳು. ನಾನೇ ಹೇಳ್ತೆ, ಅಡ್ಡ ಬರ್ಬೇಡ... ನೀನೆಲ್ಲಿ ಅಡ್ಡ ಬಂದೆ.

ಮೊದ್ಲ ನೀರು ಮಕ್ಕಳಿಗೆ ಕೊಡ್ಬೇಕು ಹೇಳಿ ಟೀಚರ ಆಸೆ. ಕಾಶಿಯ ನೆನಪಿಗೆ ಅಲ್ದಾ, ಅದಕ್ಕೆ ಒಂಬತ್ತು ವರ್ಷದ ಒಂಬತ್ತು ಹೆಣ್ಣುಮಕ್ಕಳು. ಎಲ್ರಿಗೂ ಬಿಳೀ ಲಂಗ, ಕೈಯಲ್ಲಿ ಸ್ಟೀಲಿನ ಲೋಟ. ಅದ್ರಲ್ಲಿ ನನ್ನ ಮಗ ಸಂದೇಶನ ಮಗಳು ದೀಕ್ಷಾನೂ ಇದ್ದಾಳೆ ಹೇಳಿ ನಂಗೆ ಗೊತ್ತೇ ಇರ್ಲಿಲ್ಲ. ಅಜ್ಜನಿಗೆ ಖುಷಿ ಆಗ್ಲಿ ಹೇಳಿ ಟೀಚರೂ ಸೊಸೆಯೂ ಸೇರಿ ಮುಚ್ಚಿಟ್ಟಿದ್ರು. ನಾನು ವಾಲ್ವು ತಿರುಗಿಸಿ, ಬೆವರು ಒರೆಸ್ಕೊಂಡು ತಲೆ ಎತ್ತಿ ನೋಡಿದ್ರೆ ಸಾಲಿನ ಕೊನೆಗೆ ಅವಳು ನಿಂತಿದ್ದಾಳೆ. ಎಂಟು ಮಕ್ಕಳು ಆಗ್ಲೇ ಕುಡಿದು ಮುಗಿಸಿದ್ವು. ಇವಳು ನನ್ನ ನೋಡಿ ನಗ್ತಾ ಲೋಟ ಬಾಯಿಗೆ ತಾಗಿಸ್ತಾ ಇದ್ದಾಳೆ.

ಅಷ್ಟು ಜನ ನೋಡ್ತಿದ್ದಾರೆ, ಫೋಟೋ ಹಿಡೀತಿದ್ದಾರೆ ಹೇಳೂದೆಲ್ಲ ಮರ್ತೇ ಹೋಯ್ತು. ಕಾಲು ತಾನಾಗೇ ಹಾರ್ತು. ಮೂರು ಮೆಟ್ಟಿಲು ಹಾರಿ ಹೋಗಿ ಲೋಟ ಕಸ್ಕೊಂಡೆ. ಮಗು ಬೆಚ್ಚಿ ಬಿತ್ತು. ಅರ್ಧ ನೀರು ಅವಳ ಲಂಗದ ಮೇಲೆ ಚೆಲ್ತು. ನಾನು ಲೋಟ ಹಿಡ್ಕೊಂಡು ನಿಂತೆ. ಚೆಲ್ಲೂಕಾಗೂದಿಲ್ಲ, ಕುಡಿಯೂಕಾಗೂದಿಲ್ಲ. ಶಾಲು ಹೆಗಲಿಂದ ಜಾರ್ತಾ ಇತ್ತು.

ನಿನ್ನ ಅವ್ವಿ ಮೆಟ್ಟಿಲ ಮೇಲಿಂದ ಎದ್ದು ಬಂದ್ಲು. ನಗ್ತಾ ಬಂದ್ಲು. ನಂಗೆ ಮುಜುಗರ ಆದದ್ದು ಅವಳಿಗೆ ಕಂಡಿತ್ತು, ನನ್ನ ಮಾನ ಉಳಿಸೂಕೇ ಬಂದದ್ದು ಅವಳು. "ಕೊಡಿ ನಾಯ್ಕರೇ, ಈ ನೀರಿಗೆ ಮೂವತ್ತು ವರ್ಷ ಕಾದವಳು ನಾನು" ಅಂದು ಕೈ ಚಾಚಿದ್ಲು.

ಕೊಟ್ಟೆ.

ಕಸ್ಕೊಂಡು ಹೋಗ್ಲಿಲ್ಲ ತಂಗಿ ಅವಳು. ಕೈ ಚಾಚಿದ್ದಷ್ಟೇ. ನಾನು ಕೊಟ್ಟೆ. ಅವಳು ತಲೆ ಹಿಂದಕ್ಕೆ ಮಾಡಿ, ಲೋಟ ಎತ್ತಿ, ಒಂದು ಹನಿ ಉಳೀದ ಹಂಗೆ ಕುಡಿದ್ಲು. ಕುತ್ತಿಗೆಯ ಮಣಿಸರ ಅಲ್ಲಾಡಿದ್ದು ನಂಗೆ ಈಗ್ಲೂ ಕಾಣ್ತದೆ. ಜನ ಚಪ್ಪಾಳೆ ಹೊಡೆದ್ರು. ಆ ಹೊತ್ತಿಗೆ ನಾನೊಂದು ಮಾತು ಆಡಿದ್ರೆ... ಬ್ಯಾಡ ಹೊನ್ನಮ್ಮ, ಒಂದೇ ಮಾತು. ಮೊಮ್ಮಗಳಿಗೆ ಹಾರಿದ ಕಾಲು ಅವಳಿಗೆ ಯಾಕೆ ಹಾರ್ಲಿಲ್ಲ? ಈ ಹದಿನಾರು ದಿನ ಅದನ್ನೇ ಕೇಳ್ಕೊಳ್ತಾ ಇದ್ದೆ.

...ಅಳೂದಿಲ್ವಾ ನೀನು? ಬೈಯೂದಿಲ್ವಾ? ಬೈದ್ಬಿಡು ತಂಗಿ. ನಿನ್ನ ಅವ್ವಿ ಹಂಗೆ ಎದ್ದು ನಿಂತು ಬೈ.

ಸುಮ್ನೆ ಕೂತಿದ್ಯಲ್ಲ, ನಂಗೊತ್ತು ಎಂತಕ್ಕೆ ಹೇಳಿ. ಇನ್ನೂ ಒಂದು ಉಳಿದಿದೆ, ಅದಕ್ಕೆ. ಗೊತ್ತಿಲ್ದೇ ಇದ್ದವನು ಲೋಟ ಯಾಕೆ ಕಸ್ಕೊಳ್ತಾನೆ, ಅದೇ ಅಲ್ದಾ?

ರಿಪೋರ್ಟು ಬಂದಿತ್ತು.

ಬರ್ಲಿಲ್ಲ ಹೇಳಿ ಆಗ ಹೇಳ್ದೆನಲ್ಲ, ಸುಳ್ಳು. ಬಂದಿತ್ತು. ಸಮಾರಂಭಕ್ಕೆ ಎರಡು ದಿನ ಮೊದ್ಲು, ಶುಕ್ರವಾರ, ನಾನೇ ಕಾರವಾರಕ್ಕೆ ಹೋಗಿ ಸಹಿ ಹಾಕಿ ತಗೊಂಡೆ. ಬಸ್ ಸ್ಟ್ಯಾಂಡಿನಲ್ಲಿ ಕೂತು ಓದ್ದೆ. ಮೇಲೆಲ್ಲ ಏನೇನೋ ಅಂಕೆ, ಅದು ನಂಗೆ ತಿಳೀಲಿಲ್ಲ. ಕೆಳಗೆ ಒಂದು ಸಾಲು ಮಾತ್ರ ಕನ್ನಡದಲ್ಲಿ ಸೀಲು ಹೊಡೆದಿದ್ರು, ಈ ನೀರು ಕುಡಿಯಲು ಯೋಗ್ಯವಲ್ಲ ಅಂತ. ಸಮುದ್ರದ ಗಾಳಿಗೆ ಆ ಕಾಗದ ಕೈಯಿಂದ ಹಾರಿ ಹೋಗೂ ಹಂಗೆ ಪಟಪಟ ಹೇಳ್ತಿತ್ತು. ಹಾರಿ ಹೋದ್ರೆ ಒಳ್ಳೇದಿತ್ತು ಹೇಳಿ ಅನಿಸ್ತು. ಮೂರು ಮಡಿಕೆ ಮಾಡಿ ಅಂಗಿ ಕಿಸೆಲಿ ಇಟ್ಕೊಂಡೆ. ಎರಡು ಬಸ್ಸು ಹೋದ್ವು, ಹತ್ಲಿಲ್ಲ. ಮೂರನೇ ಬಸ್ಸು ಹತ್ತೂದರೊಳಗೆ ಮನಸ್ಸು ಗಟ್ಟಿ ಮಾಡಿದ್ದೆ. ಭಾನುವಾರ ಒಂದು ದಾಟ್ಲಿ, ಸೋಮವಾರ ಹೇಳೂವ. ಒಂದು ದಿನ ಕುಡಿದ್ರೆ ಎಂತ ಆಗ್ತದೆ, ಪುಡಿ ಜಾಸ್ತಿ ಹಾಕೂವ. ಟೀಚರು ಫೋನು ಮಾಡಿ ಕೇಳಿದ್ರು. ಇನ್ನೂ ಬರ್ಲಿಲ್ಲ ಟೀಚರೇ, ಬಾಯಿ ಮಾತಲ್ಲಿ ತೊಂದ್ರೆ ಇಲ್ಲ ಅಂದಿದ್ದಾರೆ ಅಂತ ನಾನೇ ಹೇಳ್ದೆ. ಅವ್ರು ನಂಬಿದ್ರು. ನನ್ನ ಮಾತಿಗೆ ಇಡೀ ಸಮಿತಿ ನಂಬ್ತು.

ಸೋಮವಾರ ಬಂತು. ಪೇಪರಿನಲ್ಲಿ ಫೋಟೋ ಬಂದಿತ್ತು. ನನ್ನದು, ಶಾಲು ಹೊದ್ಕೊಂಡು. ರಸ್ತೆಲಿ ಹೋಗೂವವರು ಬೈಕು ನಿಲ್ಲಿಸಿ ಮಾತಾಡಿಸ್ತಿದ್ರು. ಸಂಜೆಗೆ ಹೇಳೂವ ಅಂದ್ಕೊಂಡೆ. ಸಂಜೆ ಆಯ್ತು. ಮಂಗಳವಾರ ಆಯ್ತು. ಹಂಗೇ ಒಂದು ತಿಂಗಳಾಯ್ತು. ಮಲಗಿದವರ ಸುದ್ದಿ ಬಂದ ಮೇಲೂ ಹೇಳ್ಲಿಲ್ಲ. ಆಗ ಹೇಳಿದ್ರೆ, ಇಷ್ಟು ದಿನ ಯಾಕೆ ಹೇಳ್ಲಿಲ್ಲ ಹೇಳಿ ಕೇಳ್ತಾರಲ್ಲ. ಕಾರಂಜಿಗೆ ಹಗ್ಗ ಕಟ್ಟಿ ಮುಚ್ಚಿದ ದಿನ ಟೀಚರು ನನ್ನ ಕೈ ಹಿಡ್ಕೊಂಡು, "ಜಟ್ಟಪ್ಪ, ಆ ರಿಪೋರ್ಟು ಕಡೆಗೂ ಬರ್ಲೇ ಇಲ್ವಾ?" ಅಂತ ಕೇಳಿದ್ರು. ಇಲ್ಲ ಅಂದೆ.

ಕಲಾವತಿಗೂ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ಲ್ಯಾಬಿನ ಪುಸ್ತಕದಲ್ಲಿ ನನ್ನ ಸಹಿ ಇದೆ, ಅದನ್ನ ಇನ್ನೂ ಯಾರೂ ತೆರೆದು ನೋಡ್ಲಿಲ್ಲ. ನಾಳೆ ಹನ್ನೊಂದು ಗಂಟೆಗೆ ತಹಶೀಲ್ದಾರ ಆಫೀಸಿಗೆ ವಿಚಾರಣೆಗೆ ಕರೆದಿದ್ದಾರೆ. ಮೊದ್ಲ ಮಳೆಗೆ ಎಲ್ಲ ಕಡೆ ಹಿಂಗೇ ಆಗ್ತದೆ ಹೇಳಿ ಬರ್ಕೊಂಡು ಮುಗಿಸೂ ಅಂದಾಜು ಅವ್ರದ್ದು. ನಾನು ಹೂಂ ಅಂದು ಕೆಳಗೆ ಒಂದು ಸಹಿ ಹಾಕಿದ್ರೆ ಆಯ್ತು. ಬೆಳಿಗ್ಗೆಯಿಂದ ಅದನ್ನೇ ಹೇಳಿ ಹೇಳಿ ಬಾಯಿಪಾಠ ಮಾಡ್ತಾ ಕೂತಿದ್ದೆ, ಮಳೆ ಬಂತು, ಗುಂಡಿ ತುಂಬ್ತು, ನಂಗೆ ಗೊತ್ತಿಲ್ಲ. ಆಗ ನೀನು ಗೇಟು ತೆಗೆದೆ.

ಕೂತ್ಕೋ, ಏ ತಂಗಿ, ಎದ್ದೆ ಯಾಕೆ? ಹೋಗ್ತ್ಯಾ? ಒಂದು ಮಾತೂ ಆಡದೇ ಹೋಗ್ತ್ಯಾ?

ಸರಿ, ಹೋಗು. ನಿನ್ನ ಅಪ್ಪನಿಗೆ ಗಂಜಿ ಕುಡಿಸೂ ಹೊತ್ತಾಯ್ತು. ಆದ್ರೆ ನಂದೊಂದು ಕೋರಿಕೆ ಇದೆ, ಲಲಿತಾ. ನಾಳೆ ಅಲ್ಲಿಗೆ ಬಾ. ನಾ ಎಂತ ಮನುಷ್ಯ ಹೇಳಿ ನಂಗೇ ಗೊತ್ತು, ಅಧಿಕಾರಿಗಳು ಕುರ್ಚಿ ಕೊಟ್ಟು ನಾಯ್ಕರೇ ಅಂದ ಕೂಡ್ಲೇ ನನ್ನ ಬಾಯಿಗೆ ಮತ್ತೆ ಆ ಮಳೆ ಸುಳ್ಳೇ ಬರ್ತದೆ. ನೀನು ಬಂದು ನನ್ನ ಎದುರಿಗೆ ಕೂತ್ಕೋ. ಏನೂ ಹೇಳೂದು ಬ್ಯಾಡ. ಇವತ್ತು ಕೂತ ಹಂಗೇ, ನನ್ನ ಮುಖ ನೋಡ್ತಾ, ಸುಮ್ನೆ ಕೂತ್ಕೋ.